ಮನೆ ಹೆಸರು ಕೊಟ್ಟವಳು

ನನ್ನ ಅಪ್ಪನಿಗೆ ಸಂತತಿ ಇಲ್ಲ ಎಂದು ಬರೆದ ಹಾಳೆಯನ್ನು ಟೈಪು ಮಾಡಲು ನನ್ನ ಕೈಗೇ ಕೊಟ್ಟರು. ಕೊಟ್ಟವನು ನನ್ನ ದೊಡ್ಡಪ್ಪನ ಮಗ, ನಾನು ಅಣ್ಣಯ್ಯ ಎಂದು ಕರೆಯುವವನು. ಹೈಸ್ಕೂಲಿನ ಹೆಡ್ಮಾಸ್ತರನಾಗಿದ್ದು ನಿವೃತ್ತನಾದ ಮೇಲೆ ಅವನಿಗೆ ನಮ್ಮ ಮನೆತನದ ವಂಶಾವಳಿ ಬರೆಯುವ ಹುಚ್ಚು ಹಿಡಿಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಸುತ್ತಿ, ಕಂಡಕಂಡ ನೆಂಟರ ಮನೆಯಲ್ಲಿ ಕಾಫಿ ಕುಡಿದು, ಹೆಸರುಗಳನ್ನು ಕೂಡಿಹಾಕಿದ್ದ. ಅದನ್ನು ಪುಸ್ತಕ ಮಾಡಿ, ಮನೆತನದವರನ್ನೆಲ್ಲ ಕೊಪ್ಪದ ಒಂದು ಸಮುದಾಯ ಭವನದಲ್ಲಿ ಸೇರಿಸಿ ಹಂಚುವುದು ಅವನ ಆಸೆ.

ಕೊಪ್ಪದಲ್ಲಿ ನಾನು ಪತ್ರ ಬರಹಗಾರ್ತಿ. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟು ಬರೆದುಕೊಡುವುದು ನನ್ನ ಹೊಟ್ಟೆಪಾಡು. ಅಪ್ಪನ ಕಸುಬೂ ಅದೇ. ಅವನ ಮೇಜೇ ಈಗ ನನ್ನ ಮೇಜು. ನಾನು ಒಬ್ಬಳೇ ಮಗಳು. ಮದುವೆಯಾದ ಮೇಲೂ ಬೋರ್ಡಿನಲ್ಲಿ ನನ್ನ ಹೆಸರಿನ ಜೊತೆ ತವರಿನ ಮನೆ ಹೆಸರನ್ನೇ ದೊಡ್ಡಕ್ಷರದಲ್ಲಿ ಬರೆಸಿದವನು ಅಪ್ಪ. ಅವನು ಕೊನೆಯ ನಾಲ್ಕು ವರ್ಷ ಇದ್ದದ್ದು ನನ್ನ ಮನೆಯಲ್ಲಿ. ಗಂಜಿ ಕುಡಿಸಿದ್ದು, ಮೈ ಒರೆಸಿದ್ದು, ಕೊನೆಗೆ ಬಾಯಿಗೆ ನೀರು ಬಿಟ್ಟಿದ್ದು ನಾನು. ಅಂಥವನ ಹೆಸರಿನ ಕೆಳಗೆ ‘ಸಂತತಿ ಇಲ್ಲ’.

“ಅಣ್ಣಯ್ಯ, ಇದೆಂತ ಬರ್ದಿದೀಯ? ನನ್ನನ್ನ ಎಂತ ಅಪ್ಪ ಗದ್ದೆ ಬದಿಂದ ಹೆಕ್ಕಂಡು ಬಂದದ್ದಾ?” ಎಂದೆ.

“ಹಂಗಲ್ಲ ಮಾರಾಯ್ತಿ. ಇದು ಮನೆ ಹೆಸ್ರಿನ ಮರ. ಹೆಣ್ಮಕ್ಳು ಕೊಟ್ಟ ಮನೆ ಮರಕ್ಕೆ ಸೇರ್ತಾರೆ. ನಿನ್ನ ಗಂಡನ ಮನೆಯೋರು ಬರ್ಸಿದ್ರೆ ಅದ್ರಲ್ಲಿ ನೀನು ಬರ್ತೀಯ” ಎಂದ, ಎಂಟನೇ ಕ್ಲಾಸಿನ ಹುಡುಗಿಗೆ ಸಮಾಧಾನ ಹೇಳುವ ದನಿಯಲ್ಲಿ.

ನನ್ನ ಗಂಡನ ಮನೆಯವರು ವಂಶಾವಳಿ ಬರೆಸುವ ಪೈಕಿ ಅಲ್ಲ. ಅವರಿಗೆ ಮುತ್ತಜ್ಜನ ಹೆಸರೂ ನೆನಪಿಲ್ಲ. ಅದರಿಂದ ಅವರಿಗೆ ಒಂದು ದಿನವೂ ನಿದ್ದೆ ಕೆಟ್ಟಿಲ್ಲ.

ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಖಾತೆ ಬದಲಾಯಿಸಲು ವಂಶವೃಕ್ಷದ ಅಫಿಡವಿಟ್ಟು ಬೇಕೆಂದು ಜನ ನನ್ನ ಮೇಜಿನ ಮುಂದೆ ಬಂದು ಕೂರುತ್ತಾರೆ. ಅಕ್ಕತಂಗಿಯರು ಎಷ್ಟು ಜನ ಎಂದು ಕೇಳಿದರೆ, “ಅವ್ರೆಲ್ಲ ಮದುವೆಯಾಗಿ ಹೋದೋರು, ಬ್ಯಾಡ ಬಿಡಿ” ಎನ್ನುತ್ತಾರೆ. ಕಸುಬಿಗೆ ಹೊಸದಾಗಿ ಇಳಿದ ವರ್ಷಗಳಲ್ಲಿ ನಾನು ಹಾಗೆ ಬಿಟ್ಟು ಬರೆದದ್ದೂ ಉಂಟು. ಇದ್ದ ಹೆಂಗಸರನ್ನು ಒಂದು ಸಾಲಿನಲ್ಲಿ ಇಲ್ಲವಾಗಿಸುವುದು ಎಷ್ಟು ಸುಲಭ ಎಂದು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಈಗ ಅದೇ ಸಾಲು ನನ್ನ ಮೇಲೆ ಬಿದ್ದಾಗ ಉರಿಯಿತು.

ಪುಸ್ತಕದ ಮೊದಲ ಪುಟದಲ್ಲಿ ನಮ್ಮ ಮನೆ ಹೆಸರು ಹೇಗೆ ಬಂತು ಎಂಬ ಕಥೆ ಇತ್ತು. ನಮ್ಮ ಕಡೆ ಸರ್‌ನೇಮ್ ಎಂದರೆ ಮನೆ ಹೆಸರೇ. ನಮ್ಮದು ಏನೆಂದು ಇಲ್ಲಿ ಬರೆಯುವುದಿಲ್ಲ. ಅಣ್ಣಯ್ಯನಿಗೆ ಹೆದರಿ ಅಲ್ಲ, ಅದೇ ಹೆಸರಿನವರು ಬೇರೆ ಕಡೆಯೂ ಇದ್ದಾರೆ, ಅವರಿಗೆ ನಮ್ಮ ಜಗಳ ಬೇಡ. ಕಥೆಯ ಪ್ರಕಾರ ನಮ್ಮ ಮೂಲಪುರುಷ ಅರಸರ ದಂಡಿನಲ್ಲಿದ್ದ ವೀರ. ಅವನ ಸಾಹಸಕ್ಕೆ ಮೆಚ್ಚಿ ಅರಸರು ಗದ್ದೆ, ಒಂದು ಕತ್ತಿ, ಬಿರುದಾಗಿ ಈ ಹೆಸರು ಕೊಟ್ಟರು. ಕತ್ತಿ ಈಗಲೂ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ, ದೊಡ್ಡಪ್ಪನ ಮನೆಯಲ್ಲಿದೆ, ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಸೊಪ್ಪು ಕಡಿಯುವ ಕತ್ತಿಯ ನೆನಪೇ ಬರುತ್ತಿತ್ತು. ಹೇಳಿದರೆ ಬೈಯುತ್ತಾರೆಂದು ಸುಮ್ಮನಿದ್ದೆ.

“ಟೈಪು ಆಮೇಲೆ ಮಾಡಣ. ಮೂಲಪುರುಷಂದು ಎಂತಾದ್ರೂ ಸರ್ಕಾರಿ ದಾಖಲೆ ಸಿಕ್ಕಿದ್ರೆ ನಕಲು ತೆಗ್ಸು. ಮುಖಪುಟಕ್ಕೆ ಹಾಕಣ. ಹಳೆ ಅಕ್ಷರ ಓದಕ್ಕೆ ನಿನ್ನಷ್ಟು ಬರೋರು ಯಾರೂ ಇಲ್ಲ” ಎಂದ ಅಣ್ಣಯ್ಯ.

ಹುಡುಕುತ್ತೇನೆ ಎಂದೆ. ಒಳ್ಳೆಯ ಮನಸ್ಸಿನಿಂದ ಒಪ್ಪಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ನಮ್ಮ ಕಡೆಯ ದಸ್ತಾವೇಜುಗಳಲ್ಲಿ ಗಂಡಸಿನ ಹೆಸರಾದ ಮೇಲೆ ‘ಬಿನ್’ ಎಂದು ಬರೆದು ಅಪ್ಪನ ಹೆಸರು ಬರೆಯುತ್ತೇವೆ. ಹೆಂಗಸಿನ ಹೆಸರಾದ ಮೇಲೆ ‘ಕೋಂ’ ಎಂದು ಗಂಡನ ಹೆಸರು. ಇಂಥವನು ಬಿನ್ ಇಂಥವನು, ಇಂಥವಳು ಕೋಂ ಇಂಥವನು. ಇದು ತಪ್ಪಿದ ಕಾಗದವನ್ನು ನಾನು ಕಂಡದ್ದು ಕಡಿಮೆ. ಅರ್ಜಿ ಹಾಕಿ, ಎರಡು ವಾರ ಅಲೆದು, ನಾರ್ವೆಯ ಜಮೀನಿನ ಹಳೆಯ ರಿಜಿಸ್ಟರಿನಲ್ಲಿ ನಮ್ಮ ಮೂಲಪುರುಷನನ್ನು ಹಿಡಿದೆ. ಹೆಸರು ಅಣ್ಣಯ್ಯ ಬರೆದದ್ದೇ. ಆದರೆ ಅವನಿಗೆ ‘ಬಿನ್’ ಇರಲಿಲ್ಲ. ಬಿನ್ ಇರಬೇಕಾದ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರು, ಆ ಹೆಸರಿಗೆ ನಮ್ಮ ಮನೆ ಹೆಸರು, ಮುಂದೆ ‘ಇವಳ ಮನೆ ಅಳಿಯ’. ಊರು ಎಂಬ ಕಾಲಮಿನಲ್ಲಿ ಶೃಂಗೇರಿ ಕಡೆಯ ಅಡ್ಡಗದ್ದೆ.

ಮೂರು ಸಲ ಓದಿದೆ. ಮನೆ ಹೆಸರು ಇದ್ದದ್ದು ಅವಳಿಗೆ. ಅವನು ಬರೀ ಅಳಿಯ, ಹೆಂಡತಿಯ ತವರಿನಲ್ಲಿ ಉಳಿದುಕೊಂಡವನು. ಅಲ್ಲೇ ನಕ್ಕುಬಿಟ್ಟೆ. ರೆಕಾರ್ಡು ರೂಮಿನವರು ತಲೆಯೆತ್ತಿ ನೋಡಿದರು.

ಆ ವಾರವೇ ಅಡ್ಡಗದ್ದೆಗೆ ಬಸ್ಸು ಹತ್ತಿದೆ. ಮನೆ ಹೆಸರು ಹೇಳಿ ವಿಚಾರಿಸಿದರೆ ಗದ್ದೆಯಲ್ಲಿ ಟಿಲ್ಲರ್ ಹೊಡೆಯುತ್ತಿದ್ದವರೊಬ್ಬರು ಯಂತ್ರ ನಿಲ್ಲಿಸಿ, “ಹಂಗಂತ ಮನೆ ಇಲ್ಲ. ಈ ಬಯಲಿಗೇ ಆ ಹೆಸ್ರು” ಎಂದರು. ನಾನು ನಿಂತಿದ್ದದ್ದೇ ಆ ಬಯಲಿನ ಬದುವಿನಲ್ಲಿ. ಅರಸರು ಕೊಟ್ಟ ಬಿರುದು ಅಲ್ಲಿ ಮೊಣಕಾಲು ಮಟ್ಟದ ಕೆಸರಾಗಿ ಬಿದ್ದಿತ್ತು. ಬಯಲಿನ ಅಂಚಿನಲ್ಲೊಂದು ಚೌಡಿ ದೇವಿಯ ಕಲ್ಲು ಇತ್ತು. ಅದಕ್ಕೆ ಯಾರು ನಡೆದುಕೊಳ್ಳುತ್ತಾರೆ ಎಂದು ಕೇಳಿದೆ.

“ಕಡಹಿನಬೈಲಿಂದ ಒಬ್ರು ಅಜ್ಜಿ ವರ್ಷಕ್ಕೊಂದ್ಸಲ ಬಂದು ಕಾಯಿ ಒಡೆಸ್ಕಂಡು ಹೋಗ್ತಾರೆ. ಇಲ್ಲಿದ್ದ ಮನೆಯ ಹೆಣ್ಮಕ್ಳ ಕಡೆಯೋರಂತೆ.”

ಅಣ್ಣಯ್ಯನ ಮರದಲ್ಲಿ ಕಡಹಿನಬೈಲು ಎಂಬ ಊರೇ ಇರಲಿಲ್ಲ. ಇರುವುದಾದರೂ ಹೇಗೆ? ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳಿಗೆ ಅವನು ಹೋಗಿಯೇ ಇರಲಿಲ್ಲ.

ಅಜ್ಜಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಂಬತ್ತು ದಾಟಿದ ಹೆಂಗಸು, ಕಣ್ಣು ಮಂಜು, ಕಿವಿ ಚುರುಕು. ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಅವರ ಅಜ್ಜಿ ನಮ್ಮ ಮೂಲಪುರುಷನ ಮಗಳಂತೆ. ಹಾಗೆ ನೋಡಿದರೆ ಬೇರಿಗೆ ನನಗಿಂತ ಅವರೇ ಹತ್ತಿರ.

“ಮೂಲಪುರುಷನಾ?” ಎಂದು ಬೀಜ ಕೆಳಗಿಟ್ಟು ನಕ್ಕರು. “ಉಪ್ಪಿನ ಎತ್ತಿನ ಜೊತಿಗೆ ಘಟ್ಟ ಹತ್ತಿ ಬಂದಂವ. ಜ್ವರ ಬಂದು, ನೀನು ಕಾಗದದಲ್ಲಿ ಕಂಡ್ಯಲ್ಲ, ಅವ್ಳ ಮನೆ ಜಗಲಿ ಮೇಲೆ ಬಿದ್ಕಂಡ. ಜೊತಿಗಿದ್ದೋರು ಎತ್ತು ಹೊಡ್ಕಂಡು ಮುಂದೆ ಹೋದ್ರು. ಅವ್ಳಿಗೆ ಗಂಡ ಸತ್ತಿದ್ದ. ಒಬ್ಳು ಮಗಳು, ಆ ಗದ್ದೆ ಬಯಲು, ಅಷ್ಟೇ. ಕಷಾಯ ಕೊಟ್ಟು ಎಬ್ಬಿಸಿದ್ಲು. ಎದ್ದಂವ ಹೋಗ್ಲಿಲ್ಲ.”

“ಹಂಗಾರೆ ಮಗಳ್ನ ಕೊಟ್ರಾ?”

“ಸುಮ್ನೆ ಕೊಡ್ತಾಳಾ ಮಾರಾಯ್ತಿ? ಒಂದು ಮಳೆಗಾಲ ಗದ್ದೆ ಹೂಡ್ಸಿ ನೋಡಿದ್ಲು. ಕೆಲಸ ಗೊತ್ತಿತ್ತು, ಬಾಯಿ ಸಣ್ಣದಿತ್ತು. ಆಮೇಲೆ ಕೊಟ್ಲು. ನಾರ್ವೆ ಬದಿ ಜಮೀನು ಮಾಡ್ಸಿದ್ದೂ ಅವ್ಳೇ.”

“ಅಜ್ಜಿ, ಅವನ ಹತ್ರ ಕತ್ತಿ ಇತ್ತಂತಲ್ಲ?”

“ಇದ್ರೆ ಸೊಪ್ಪು ಕಡಿಯದು ಇದ್ದೀತು.”

ಆ ಮಾತಿಗೆ ನನಗಾದ ಸಂತೋಷ ಇಷ್ಟಿಷ್ಟಲ್ಲ. ಆದರೆ ಅಜ್ಜಿ ಅಲ್ಲಿಗೇ ನಿಲ್ಲಿಸಲಿಲ್ಲ. ಹೊಸತಿನ ದಿನ ನಿಮ್ಮ ಮನೆಯಲ್ಲಿ ಮೊದಲು ಯಾರು ಉಣ್ಣುತ್ತಾರೆ ಎಂದು ಕೇಳಿದರು. ಹೊಸತು ಎಂದರೆ ಹೊಸ ಅಕ್ಕಿಯ ಅನ್ನ ಮಾಡಿ ಉಣ್ಣುವ ದಿನ. ನಮ್ಮ ಮನೆತನದಲ್ಲಿ ಅವತ್ತು ಗಂಡಸರೆಲ್ಲ ಎಲೆ ಮುಂದೆ ಕೈಕಟ್ಟಿ ಕೂತಿರಬೇಕು. ಮನೆಯ ಹಿರೀ ಹೆಂಗಸು ಮೊದಲ ತುತ್ತು ಬಾಯಿಗಿಟ್ಟು “ಉಣ್ಣಿ” ಎಂದ ಮೇಲೆಯೇ ಉಳಿದವರು ಕೈ ಹಾಕುವುದು. ಸುತ್ತಲಿನ ಮನೆಗಳಲ್ಲಿ ಇದು ಇಲ್ಲ. ಅಣ್ಣಯ್ಯ ತನ್ನ ಪುಸ್ತಕದಲ್ಲಿ ಇದಕ್ಕೊಂದು ಇಡೀ ಪುಟ ಕೊಟ್ಟು, ಸ್ತ್ರೀಯರನ್ನು ಗೌರವಿಸುವ ನಮ್ಮ ಪರಂಪರೆ ಎಂದು ಕೊಂಡಾಡಿದ್ದ.

“ಗೌರವ ಎಂತದು? ಅಕ್ಕಿ ಅವ್ಳದ್ದು. ಅತ್ತೆ ಉಣ್ಣು ಅನ್ನೋವರೆಗೆ ಅಳಿಯ ಕಾಯ್ಬೇಕಿತ್ತು. ಅದನ್ನೇ ಈಗ್ಲೂ ಮಾಡ್ತಿದೀರಿ” ಎಂದರು ಅಜ್ಜಿ.

ನಾನು ಚಿಕ್ಕಂದಿನಿಂದ ನೋಡಿದ್ದೆ. ದೊಡ್ಡಪ್ಪ, ಅಪ್ಪ, ಅಣ್ಣಯ್ಯ ಎಲ್ಲರೂ ವರ್ಷಕ್ಕೊಂದು ದಿನ ಆ ಉಪ್ಪಿನವನ ಹಾಗೆ ಬಾಯಿ ಮುಚ್ಚಿಕೊಂಡು ಕಾದಿದ್ದರು. ಯಾರಿಗೂ ಯಾಕೆಂದು ಗೊತ್ತಿರಲಿಲ್ಲ, ಆದರೂ ತಪ್ಪಿಸಿರಲಿಲ್ಲ.

ಹೊರಡುವಾಗ ಅಜ್ಜಿ, ಆ ಅತ್ತೆ ಶೃಂಗೇರಿಗೆ ನಡೆದು ಹೋಗಿ ಯಾವುದೋ ಕಾಗದ ಮಾಡಿಸಿದ್ದಳೆಂದು ತಮ್ಮ ಅಜ್ಜಿ ಹೇಳುತ್ತಿದ್ದರು ಎಂದರು. ಕಾಗದ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನನ್ನು ಯಾರು ಹಿಡಿಯುತ್ತಾರೆ? ಶೃಂಗೇರಿಯ ನೋಂದಣಿ ಕಚೇರಿಯಲ್ಲಿ ಹಳೆಯ ಇಂಡೆಕ್ಸುಗಳನ್ನು ಹುಡುಕಿಸಿದೆ. ಇಲ್ಲ ಎಂದರು. ಮತ್ತೆ ಹುಡುಕಿ ಎಂದೆ. ಮತ್ತೆ ಇಲ್ಲ ಎಂದರು. ಅವಳ ಹೆಸರಿನಲ್ಲಿ ಹುಡುಕಿದರೆ ಹೇಗೆ ಸಿಗುತ್ತದೆ, ಬರೆಸಿಕೊಂಡವನ ಹೆಸರಿನಲ್ಲಿ ನೋಡಬೇಕು ಎಂದು ಮೂರನೇ ಸಲ ಹೋದಾಗ ಹೊಳೆಯಿತು. ಸಿಕ್ಕಿತು.

ಮಗಳಿಗೂ ಅಳಿಯನಿಗೂ ಕೂಡಿ ಬರೆದುಕೊಟ್ಟ ಪತ್ರ ಅದು. ಪದಪದಗಳ ನಡುವೆ ಜಾಗವಿಲ್ಲದ ಹಳೆಯ ಬರವಣಿಗೆ. ಗದ್ದೆಯ ನಾಲ್ಕೂ ಗಡಿ ಹೇಳುವ ಚಕ್ಕುಬಂದಿ ಮುಗಿದ ಮೇಲೆ ಕೊನೆಯಲ್ಲಿ ಒಂದು ಷರತ್ತು: ಇವರಿಗೆ ಹುಟ್ಟುವ ಗಂಡು ಹೆಣ್ಣು ಸಂತತಿಯವರು ನನ್ನ ಮನೆ ಹೆಸರಿನಿಂದಲೇ ನಡೆದುಕೊಳ್ಳತಕ್ಕದ್ದು, ಬಿಟ್ಟಲ್ಲಿ ಸ್ವತ್ತಿಗೂ ಅವರಿಗೂ ಸಂಬಂಧವಿಲ್ಲ. ಓದುಬರಹ ಬಾರದ ಅವಳು ಸಹಿಯ ಜಾಗದಲ್ಲಿ ಬಳೆಯ ಗುರುತು ಹಾಕಿದ್ದಳು.

ನಾನು ಸಾವಿರಾರು ಪತ್ರ ಬರೆದಿದ್ದೇನೆ, ಒಂದಕ್ಕೂ ಅತ್ತಿಲ್ಲ. ಅಲ್ಲಿ ಅತ್ತುಬಿಟ್ಟೆ. ಗಂಡು ಹೆಣ್ಣು ಎಂದು ಬಿಡಿಸಿ ಬರೆಸಿದ್ದಳು. ಮುಂದೆ ನಾವೆಲ್ಲ ಏನು ಮಾಡುತ್ತೇವೆಂದು ಅವಳಿಗೆ ಅನುಮಾನವಿತ್ತೇನೋ. ನಮ್ಮ ಹೆಸರು ಯಾವ ಅರಸರೂ ಕೊಟ್ಟದ್ದಲ್ಲ. ಒಬ್ಬ ವಿಧವೆ ಹಟ ಹಿಡಿದು ಉಳಿಸಿಕೊಂಡದ್ದು. ಅವಳಿಗೆ ಗಂಡುಮಗನಿರಲಿಲ್ಲ. ಅಣ್ಣಯ್ಯನ ಲೆಕ್ಕದಲ್ಲಿ ಅವಳಿಗೂ ‘ಸಂತತಿ ಇಲ್ಲ’.

ನಕಲು ತಂದು ಅಣ್ಣಯ್ಯನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದ, ತೆಗೆದು ಒರೆಸಿ ಮತ್ತೆ ಓದಿದ. ನನಗೆ ಪಾಪ ಎನಿಸಿತು, ಸುಳ್ಳು ಯಾಕೆ ಹೇಳಲಿ. ದಂಡಿನ ವೀರನ ಕಥೆ ಹೇಳಿಕೊಂಡೇ ಅವನು ದೊಡ್ಡವನಾಗಿದ್ದ.

“ಇದನ್ನ ಹಾಕಕ್ಕಾಗಲ್ಲ” ಎಂದ ಕೊನೆಗೆ. “ಮನೆ ಅಳಿಯ ಮನೆ ತೊಳಿಯ ಅಂತ ನಗ್ತಾರೆ ಜನ.”

“ನಗ್ಲಿ. ತೊಳೆದಿದ್ರೆ ತೊಳೆದಿದಾನೆ. ಮನೆ ತೊಳಿಯದು ಎಂತ ಕಳ್ಳತನವಾ? ನಾನು ದಿನಾ ತೊಳಿತೀನಿ.”

“ನಿಂಗೆ ಗೊತ್ತಾಗಲ್ಲ. ಋಷಿಮೂಲ, ನದೀಮೂಲ, ಸ್ತ್ರೀಮೂಲ ಹುಡುಕ್ಬಾರ್ದು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ.”

“ನದೀಮೂಲಕ್ಕೆ ಜನ ಜೀಪು ಮಾಡ್ಕಂಡು ಹೋಗಿ ಫೋಟೋ ತೆಗೆಸ್ಕಂಡು ಬರ್ತಾರೆ ಅಣ್ಣಯ್ಯ. ನೀನೂ ಹೋಗಿದ್ದೆ ಶಾಲೆ ಮಕ್ಳನ್ನ ಕರ್ಕಂಡು. ಅವ್ಳ ಹೆಸ್ರು ಹಾಕ್ದೆ, ಅಪ್ಪನ ಕೆಳಗೆ ನನ್ನ ಹೆಸ್ರು ಹಾಕ್ದೆ ನಾನು ಒಂದಕ್ಷರ ಟೈಪು ಮಾಡಲ್ಲ.”

ಅವನು ಹಾಳೆಗಳನ್ನು ಎತ್ತಿಕೊಂಡು ಹೋದ. ಬೇರೆ ಕಡೆ ಟೈಪು ಮಾಡಿಸಿದ, ಪುಸ್ತಕ ಅಚ್ಚಾಯಿತು. ಮುಖಪುಟದ ಮೇಲೆ ಕತ್ತಿಯ ಫೋಟೋ ಬಂತು. ಮೊದಲ ಪುಟದಲ್ಲಿ ದಂಡಿನ ವೀರ, ನಲವತ್ತೊಂದನೇ ಪುಟದಲ್ಲಿ ನನ್ನ ಅಪ್ಪ, ಸಂತತಿ ಇಲ್ಲ. ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿಯುವ ಚಿತ್ರಗಳು ಮೂರು ದಿನ ಸುರಿದವು.

ಸಮಾರಂಭಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಅಣ್ಣಯ್ಯ ಫೋನು ಮಾಡಿದ. ಪ್ರತಿ ಮನೆಗೊಂದು ಪ್ರತಿ, ಒಳಪುಟದಲ್ಲಿ ಆಯಾ ಮನೆಯ ಯಜಮಾನರ ಹೆಸರನ್ನು ಚಂದದ ಅಕ್ಷರದಲ್ಲಿ ಬರೆದುಕೊಡಬೇಕು, ನಿನ್ನ ಕೈಬರಹದಷ್ಟು ಚಂದ ಯಾರದ್ದೂ ಇಲ್ಲ ಎಂದ. ನನ್ನ ಸಿಟ್ಟು ಇಳಿದಿದೆ ಎಂದುಕೊಂಡಿದ್ದ. ಐವತ್ತು ವರ್ಷ ಜೊತೆಗೆ ಬೆಳೆದವನಿಗೆ ನನ್ನ ಸಿಟ್ಟಿನ ಪರಿಚಯ ಅಷ್ಟೇ. ಆಗಲಿ ಅಣ್ಣಯ್ಯ ಎಂದೆ.

ಅವತ್ತು ಬೆಳಿಗ್ಗೆ ಭವನದ ಬಾಗಿಲ ಪಕ್ಕ ಮೇಜು ಹಾಕಿಸಿಕೊಂಡು ಕೂತೆ. ಪುಸ್ತಕದ ಕಟ್ಟುಗಳು ಎಡಕ್ಕೆ, ಪೆನ್ನು ಬಲಕ್ಕೆ. ಯಜಮಾನರ ಹೆಸರು ಬರೆದೆ, ಹೇಳಿದ ಕೆಲಸ ತಪ್ಪಿಸುವವಳಲ್ಲ. ಬರೆದಾದ ಮೇಲೆ ಮರದ ಪುಟ ತೆಗೆದು, ಮೂಲಪುರುಷನ ಮೇಲೆ ಅವಳ ಹೆಸರನ್ನು ಬರೆದೆ. ಅದರ ಕೆಳಗೆ ಮಗಳು ಎಂದು ಬರೆದೆ. ಮೂಲಪುರುಷನ ಪಕ್ಕದಲ್ಲಿ ಮನೆ ಅಳಿಯ ಎಂದು ಬರೆದೆ. ನಲವತ್ತೊಂದನೇ ಪುಟಕ್ಕೆ ಹೋಗಿ ‘ಸಂತತಿ ಇಲ್ಲ’ ಎಂಬುದರ ಮೇಲೆ ಒಂದು ಗೆರೆ ಎಳೆದು, ‘ಮಗಳು’ ಎಂದು ಬರೆದು ನನ್ನ ಹೆಸರು ಬರೆದೆ. ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ನನ್ನ ಸಹಿ. ನಮ್ಮ ಕಸುಬಿನಲ್ಲಿ ಅದು ನಿಯಮ. ಸಹಿ ಇಲ್ಲದೆ ತಿದ್ದಿದರೆ ಅದು ಕಳ್ಳತನ, ಸಹಿ ಹಾಕಿ ತಿದ್ದಿದರೆ ದಾಖಲೆ.

ಇಪ್ಪತ್ತು ಪ್ರತಿ ಮುಗಿದಿರಬಹುದು, ಅಣ್ಣಯ್ಯನ ಹೆಂಡತಿ ಕಾಫಿ ತಂದಳು. ಲೋಟ ಇಡಲು ಜಾಗ ನೋಡಿದವಳ ಕಣ್ಣು ಪುಟದ ಮೇಲೆ ಬಿತ್ತು. ನಿಂತು ಓದಿದಳು. ನಾನು ಪೆನ್ನು ಕೆಳಗಿಡಲಿಲ್ಲ. ಕೂಗಿದರೆ ಕೂಗಲಿ ಎಂದುಕೊಂಡೆ. ಅವಳ ಇಬ್ಬರು ಗಂಡುಮಕ್ಕಳು ಆ ಮರದಲ್ಲಿದ್ದರು, ಹಿರಿಯ ಮಗಳು ಇರಲಿಲ್ಲ.

“ಒಳಗೆ ಇನ್ನೂ ಎರ್ಡು ಕಟ್ಟು ಇದಾವೆ. ತರ್ತೀನಿ ತಡಿ” ಎಂದಳು ಅತ್ತಿಗೆ.

ತಂದಳು. ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತು, ನಾನು ತಿದ್ದಿದ ಪುಸ್ತಕಗಳ ಶಾಯಿ ಆರಿದೆಯೇ ಎಂದು ನೋಡಿ ಒಂದೊಂದಾಗಿ ಮುಚ್ಚಿ ಪೇರಿಸಿದಳು. ಗಂಡನ ಪ್ರತಿ ಬಂದಾಗ ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಮಗಳ ಹೆಸರನ್ನು ತಾನೇ ಬರೆದಳು. ಸಹಿಯನ್ನೂ ತಾನೇ ಹಾಕಿದಳು. ಬಂದವರಿಗೆ ಪುಸ್ತಕ ಕೊಟ್ಟವಳೂ ಅವಳೇ, ಒಬ್ಬೊಬ್ಬರ ಕೈಗೆ, ಎರಡೂ ಕೈಯಲ್ಲಿ.

ಹನ್ನೊಂದು ಗಂಟೆಗೆ ಅಣ್ಣಯ್ಯ ವೇದಿಕೆ ಹತ್ತಿದ. ವಂಶಾವಳಿ ಓದುವುದು ಕಾರ್ಯಕ್ರಮದ ಮುಖ್ಯ ಭಾಗ. ಅತ್ತಿಗೆ ಮುಂದಿನ ಸಾಲಿನಲ್ಲಿ, ನಾನು ಬಾಗಿಲ ಬಳಿಯೇ. ಅವನು ಮೈಕಿನ ಮುಂದೆ ನಿಂತು ತನ್ನ ಪ್ರತಿಯ ಪುಟ ತೆರೆದ. ನೋಡಿದ. ತಲೆ ಎತ್ತಿ ಸಭೆಯನ್ನು ನೋಡಿದ. ಆಗಲೇ ಎಲ್ಲರ ತೊಡೆಯ ಮೇಲೂ ಪುಸ್ತಕ ತೆರೆದಿತ್ತು, ಕೆಲವರು ಬೆರಳಿಟ್ಟು ಓದುತ್ತಿದ್ದರು. ಬಾಗಿಲ ಕಡೆ ತಿರುಗಿ ನನ್ನನ್ನು ಹುಡುಕಿದ. ನಾನು ಎದ್ದು ನಿಂತೆ, ಕಾಣಲಿ ಎಂದು.

ಗಂಟಲು ಸರಿಮಾಡಿಕೊಂಡು, “ನಮ್ಮ ಮನೆತನದ ಮೂಲಪುರುಷ...” ಎಂದು ಶುರುಮಾಡಿದ.

“ಒಂದು ಸಾಲು ಬಿಟ್ರಿ. ಮೇಲಿಂದ ಓದಿ” ಎಂದಳು ಅತ್ತಿಗೆ, ಕೂತಲ್ಲಿಂದಲೇ.

ಹಿಂದಿನ ಸಾಲಿನ ಹೆಂಗಸೊಬ್ಬಳು ನಕ್ಕಿದ್ದು ಕೇಳಿಸಿತು. ಅಣ್ಣಯ್ಯ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಆಮೇಲೆ ಮೇಲಿನಿಂದ ಓದಿದ. ಅವಳ ಹೆಸರು ಓದಿದ, ಅವಳ ಮಗಳು ಎಂದ, ಮನೆ ಅಳಿಯ ಎಂಬ ಮಾತನ್ನು ಬಿಸಿ ಅನ್ನದ ತುತ್ತಿನಂತೆ ಬಾಯಲ್ಲಿ ಹೊರಳಿಸಿ ಹೇಳಿದ. ಕವಲು ಕವಲಾಗಿ ಇಳಿಯುತ್ತ ಅರ್ಧ ಗಂಟೆಯ ಮೇಲೆ ನಲವತ್ತೊಂದನೇ ಪುಟಕ್ಕೆ ಬಂದ. ನನ್ನ ಅಪ್ಪನ ಹೆಸರು ಓದಿದ. ಮುಂದಿನದನ್ನು ಓದುವಾಗ ದನಿ ಪೂರ್ತಿ ಇಳಿದು ಮೈಕಿಗೂ ಸಿಗಲಿಲ್ಲ.

“ಗಟ್ಟಿಯಾಗಿ ಓದು ಅಣ್ಣಯ್ಯ, ಹಿಂದೆ ಕೇಳ್ತಿಲ್ಲ” ಎಂದೆ.

ಅವನು ಗಟ್ಟಿಯಾಗಿ ಓದಿದ.